ಕಾಂತಾರ ಚಾಪ್ಟರ್ 1 ಗಿಂತ ಸು ಫ್ರಮ್ ಸೋ ಜಾಸ್ತಿ ಇಷ್ಟ ಆಯ್ತು. ನನಗೊಬ್ಬನಿಗೇನಾ?

ಸೆಕೆಂಡ್ ಶೋ ಸೀನ

ನಾನು ಸಿನಿಮಾ ಪಂಡಿತ ಅಲ್ಲ. ಸಂಬಳ ಬಂದ ವಾರ ಥಿಯೇಟರ್, ಉಳಿದ ದಿನ ಮನೆ ಟಿವಿ, ಅಷ್ಟೇ. ಈಚೆಗೆ ನೋಡಿದ ಸಿನಿಮಾಗಳ ಬಗ್ಗೆ ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ. ಬೈಯುವವರು ಪೂರ್ತಿ ಓದಿ ಬೈಯಿರಿ. ಕಥೆಯೂ ಅಲ್ಲಲ್ಲಿ ಹೊರಗೆ ಬೀಳುತ್ತದೆ, ನೋಡದೇ ಇರುವವರು ಇಲ್ಲಿಂದಲೇ ವಾಪಸ್ ಹೋಗಿ.

ಕಾಂತಾರ ಚಾಪ್ಟರ್ 1. ದುಡ್ಡು ಸುರಿದಿರುವುದು ಕಣ್ಣಿಗೆ ಕಾಣುತ್ತದೆ, ದಂಡ ಆಗಿಲ್ಲ. ರಥ ಓಡುವ ಸೀನಿನಲ್ಲಿ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ರಿಷಬ್ ಮೈಮೇಲೆ ದೈವ ಬರುವ ಕಡೆ ಇಡೀ ಹಾಲ್ ಗಪ್‌ಚುಪ್. ರುಕ್ಮಿಣಿ ವಸಂತ್ ಪಾತ್ರ ಕೊನೆಗೆ ಉಲ್ಟಾ ಹೊಡೆಯುವುದನ್ನು ನಾನು ಊಹಿಸಿರಲಿಲ್ಲ. ಆದರೆ ಮನೆಗೆ ಬಂದ ಮೇಲೆ ಒಂದು ಡೈಲಾಗೂ ನೆನಪಾಗಲಿಲ್ಲ. 2022ರ ಕಾಂತಾರ ಹಾಗಲ್ಲ. ಶಿವನಿಗೆ ಅವನಮ್ಮ ಬೈಯುವುದು, ಮರದ ಮೇಲಿನ ಆ ಮನೆ, ರಾಂಪನ ಪೇಚಾಟ, ಎಲ್ಲ ಈಗಲೂ ಕಣ್ಣ ಮುಂದಿದೆ.

ಸು ಫ್ರಮ್ ಸೋ. ಹೆಸರು ನೋಡಿ ಯಾವುದೋ ಕಾಲೇಜು ಹುಡುಗರ ಸಿನಿಮಾ ಅಂದುಕೊಂಡು ಹೋದವನು ನಾನು. ದೆವ್ವದ ನೆಪದಲ್ಲಿ ಒಂದು ಊರನ್ನೇ ತಂದು ಮುಂದೆ ಇಟ್ಟಿದ್ದಾರೆ. ರವಿಯಣ್ಣ ಬಂದು ಸುಮ್ನೆ ನಿಂತರೂ ಜನ ನಗುತ್ತಿದ್ದರು. ರಾಜ್ ಬಿ ಶೆಟ್ಟಿ ಗುರೂಜಿಯಾಗಿ ಬಂದ ಮೇಲಂತೂ ಪಕ್ಕದ ಸೀಟಿನ ಅಜ್ಜಿ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ನಿರ್ದೇಶಕ ಜೆ.ಪಿ. ತುಮಿನಾಡು, ಅವರೇ ಹೀರೋ ಅಶೋಕ. ಅವರು ಮುಖ ಪೆಚ್ಚು ಮಾಡಿಕೊಂಡು ನಿಲ್ಲುವುದನ್ನು ನೋಡಲಿಕ್ಕೇ ಇನ್ನೊಂದು ಸಲ ಹೋಗಬಹುದು.

ಶಾಖಾಹಾರಿ, ಟಿವಿಯಲ್ಲಿ. ರಂಗಾಯಣ ರಘು ಇಷ್ಟು ಕಡಿಮೆ ಮಾತಾಡಿದ್ದನ್ನು ನಾನಂತೂ ನೋಡಿರಲಿಲ್ಲ. ಸೂಪರ್.

ಸಪ್ತ ಸಾಗರದಾಚೆ ಎಲ್ಲೋ, ಎರಡೂ ಭಾಗ. ಸೈಡ್ ಎ ನೋಡಿ ಅತ್ತುಬಿಟ್ಟೆ. ಸೈಡ್ ಬಿ ನೋಡಿ ಹೀರೋ ಮನು ಮೇಲೆ ಸಿಟ್ಟು ಬಂತು. ಜೈಲಿಂದ ಬಂದು ಹುಡುಗಿಯ ಹಿಂದೆ ಹಿಂದೆ ಹೋಗುವುದು ಪ್ರೀತಿನಾ?

ಒಟ್ಟಿನಲ್ಲಿ ನನಗೆ ಅನ್ನಿಸುವುದು ಇಷ್ಟು. ಒಂದು ಊರು, ನಾಲ್ಕು ಜನ, ಅವರ ಮಾತು ಸರಿಯಾಗಿದ್ದರೆ ಸಾಕು, ಸಿನಿಮಾ ತಲೆಯಲ್ಲಿ ಉಳಿಯುತ್ತದೆ. ಯುದ್ಧ, ಅರಮನೆ ಎಲ್ಲ ಆ ಹೊತ್ತಿಗೆ ಮಾತ್ರ. ನಿಮಗೇನನ್ನಿಸುತ್ತೆ?

ಕುಡ್ಲದ ಪೊಣ್ಣು

ನೂರಕ್ಕೆ ನೂರು ಒಪ್ಪಿದೆ ಮಾರಾಯ್ರೆ. ರವಿಯಣ್ಣನಂಥವರು ನಮ್ಮಲ್ಲಿ ಪ್ರತಿ ಊರಿಗೂ ಒಬ್ಬರು ಇದ್ದಾರೆ. ಮದುವೆಗೆ ಪೆಂಡಾಲು ಅವರೇ ಹಾಕಿಸಬೇಕು, ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಊಟ ಅವರೇ ಹೇಳಬೇಕು, ಗಲಾಟೆ ಆದರೆ ಪಂಚಾಯ್ತಿಗೂ ಅವರೇ. ನಮ್ಮ ಮಾವನನ್ನು ಕರೆದುಕೊಂಡು ಹೋಗಿದ್ದೆ, ಅವರು ಇಂಟರ್ವಲ್‌ನಲ್ಲಿ "ಇದು ನಮ್ಮ ವಾರ್ಡಿನವನ ಕಥೆ ಅಲ್ವಾ" ಅಂತ ಕೇಳಿದರು. ಬಾವ ಬಂದರು ಹಾಡು ಆಮೇಲೆ ಪ್ರತಿ ಮದುವೆಯಲ್ಲೂ ಹಾಕಿ ಹಾಕಿ ಸಾಕಾಯ್ತು, ಅದು ಬೇರೆ ವಿಷಯ.

ಪಂಜುರ್ಲಿ ಪಕ್ಷ

ಸೀನಣ್ಣ, ಇದು ನ್ಯಾಯ ಅಲ್ಲ. ಎರಡೂ ಬೇರೆ ಬೇರೆ ಜಾತಿಯ ಸಿನಿಮಾ. ಕದಂಬರ ಕಾಲ, ಬಂದರು, ಮಸಾಲೆ ವ್ಯಾಪಾರ, ಕಾಡಿನ ಜನ ಮತ್ತು ಅರಮನೆ ನಡುವಿನ ಜಗಳ, ಇಷ್ಟನ್ನು ಕನ್ನಡದಲ್ಲಿ ಈ ಮಟ್ಟಕ್ಕೆ ತಂದವರು ಇನ್ಯಾರಿದ್ದಾರೆ? ಅರವಿಂದ್ ಕಶ್ಯಪ್ ಕ್ಯಾಮೆರಾ, ಅಜನೀಶ್ ಮ್ಯೂಸಿಕ್ ಮನೆ ಟಿವಿಯಲ್ಲಿ ಕೇಳಿ ಮಾತಾಡುವುದಲ್ಲ. ಡೈಲಾಗ್ ನೆನಪಿಲ್ಲ ಅಂತೀರಿ, ಕ್ಲೈಮ್ಯಾಕ್ಸ್ ನೆನಪಿದೆ ತಾನೆ? ಸಾಕಲ್ಲ.

2022ರದ್ದು ಹಿಟ್ ಆದಾಗಲೂ ಜನ ಹೀಗೇ ಅಂದಿದ್ದರು. "ಕೊನೆ ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಇಲ್ಲ" ಅಂತ. ಆಮೇಲೆ ಅದೇ ಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು.

ಇಂಟರ್ವಲ್ ಬೋಂಡ

ಪ್ರಶಸ್ತಿ ಬಂದರೆ ನಾವು ಬಾಯಿ ಮುಚ್ಚಬೇಕಾ ಗುರು?

ಪಂಜುರ್ಲಿ ಪಕ್ಷ

ಮುಚ್ಚಿ ಅಂದೆನಾ? ಹೋಲಿಸಬೇಡಿ ಅಂದೆ.

ಸೆಕೆಂಡ್ ಶೋ ಸೀನ

ಹೋಲಿಸದೆ ಇರೋಕೆ ಆಗಲ್ಲಣ್ಣ. ಜೇಬಿಂದ ದುಡ್ಡು ಕೊಟ್ಟಿದ್ದು ಎರಡಕ್ಕೂ.

ಮಲ್ನಾಡ್ ಮಳೆ

ಶಾಖಾಹಾರಿಗೆ ಒಂದೇ ಸಾಲು ಬರೆದಿದ್ದೀರಲ್ಲ, ಬೇಜಾರಾಯ್ತು. ಅದಕ್ಕೆ ಒಂದು ಪುಟ ಬೇಕು.

ಮಲೆನಾಡಿನ ಒಂದು ಸಣ್ಣ ಹೋಟೆಲ್. ಅಡುಗೆ ಮಾಡಿಕೊಂಡು ಒಂಟಿಯಾಗಿರುವ ಸುಬ್ಬಣ್ಣ. ಪೊಲೀಸರಿಂದ ತಪ್ಪಿಸಿಕೊಂಡು ಗಾಯ ಆಗಿರುವ ಹುಡುಗ ಅಲ್ಲಿ ಬಂದು ಅಡಗುತ್ತಾನೆ. ಅಲ್ಲಿಂದ ಮುಂದೆ ಹೇಳಲ್ಲ. ಆದರೆ ನೋಡಿ, ನಮ್ಮ ಕಡೆ ಹೋಟೆಲ್ ಅಂದರೆ ಹೇಗಿರುತ್ತದೆ ಅಂತ ಸಿನಿಮಾದವರಿಗೆ ಗೊತ್ತಿರಲ್ಲ. ಸೆಟ್ ಹಾಕಿ ಹೊಸ ಹಂಚು ಹೊದಿಸಿಬಿಡುತ್ತಾರೆ. ಇಲ್ಲಿ ಒಲೆ ಹೊಗೆಗೆ ಕಪ್ಪಾದ ಗೋಡೆ, ಮಳೆಗಾಲದ ಥಂಡಿ, ಬೆಳಗ್ಗೆ ಬಂದು ಅದೇ ಬೆಂಚಿನ ಮೇಲೆ ಕೂರುವ ಗಿರಾಕಿಗಳು, ಎಲ್ಲ ಸರಿಯಾಗಿದೆ. ನಿರ್ದೇಶಕ ಸಂದೀಪ್ ಸುಂಕದ್. ಗೋಪಾಲಕೃಷ್ಣ ದೇಶಪಾಂಡೆ ಇನ್ಸ್‌ಪೆಕ್ಟರ್. ಅವರಿಗೂ ಮನೆ ತಾಪತ್ರಯ, ಕೇಸ್ ಮುಗಿಸಿ ಹೋದರೆ ಸಾಕು ಅನ್ನುವ ಸುಸ್ತು. ಕೂಗಾಡುವ ಪೊಲೀಸರನ್ನೇ ನೋಡಿ ಸಾಕಾಗಿದ್ದವನಿಗೆ ಖುಷಿ ಆಯ್ತು.

2024ರ ಫೆಬ್ರವರಿಯಲ್ಲಿ ಥಿಯೇಟರ್‌ಗೆ ಬಂದಾಗ ನಮ್ಮೂರಿನಲ್ಲಿ ಹಾಕಲೇ ಇಲ್ಲ. ನಮ್ಮದೇ ಕಡೆಯ ಕಥೆ, ನಮಗೇ ಸಿಗಲಿಲ್ಲ.

ಇಂಟರ್ವಲ್ ಬೋಂಡ

ರಂಗಾಯಣ ರಘು ಈರುಳ್ಳಿ ಹೆಚ್ಚುವಾಗಲೂ ನನಗೆ ಭಯ ಆಗುತ್ತಿತ್ತು 😅

ಗಿರ್ಮಿಟ್

ಎಲ್ಲರೂ ಕರಾವಳಿ, ಮಲೆನಾಡು ಅಂತ ಹೊಗಳುತ್ತಿದ್ದೀರಿ. ಚಲೋ ಸಿನಿಮಾ, ನಾನೂ ಒಪ್ಪುತ್ತೇನೆ. ಆದರೆ ನಮ್ಮ ಕಡೆಯವರ ಒಂದು ಸಂಕಟ ಕೇಳಿ. ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಂದಿ ಬಂದರೆ ಏನಿರುತ್ತದೆ? ಒಬ್ಬ ದಪ್ಪ ಮೀಸೆಯವ, ಒಂದು ಬೈಗುಳ, ಜನ ನಗಬೇಕು. ಅಷ್ಟೇ. ಬೆಂಗಳೂರಿನ ನಟನ ಬಾಯಲ್ಲಿ "ಏನ್ಲೇ ಮಗನ" ಹಾಕಿದರೆ ಹುಬ್ಬಳ್ಳಿ ಆಗಲ್ಲ ಸರ್.

ಸೀನಣ್ಣನ ಮಾತಿಗೇ ಬರುತ್ತೇನೆ, ಒಂದು ಊರು, ನಾಲ್ಕು ಜನ, ಅವರ ಮಾತು. ಹಾಗಾದರೆ ಶಿವಮ್ಮ ನೋಡಿ. ಊರಿನ ಹೆಸರೂ ಸೇರಿಸಿ ಶಿವಮ್ಮ ಯರೇಹಂಚಿನಾಳ ಅಂತಲೇ ಬಿಡುಗಡೆ ಮಾಡಿದರು. ಕೊಪ್ಪಳ ಜಿಲ್ಲೆಯ ಊರು. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು, ಹಾಸಿಗೆ ಹಿಡಿದ ಗಂಡ. ಎನರ್ಜಿ ಡ್ರಿಂಕಿನ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಮಗಳ ಮದುವೆಗೆ ಇಟ್ಟ ದುಡ್ಡು ಹಾಕುತ್ತಾಳೆ. ಆಮೇಲೆ ಊರ ತುಂಬ ಡಬ್ಬಿ ಹಿಡಿದು ತಿರುಗುತ್ತಾಳೆ. ಪಾತ್ರ ಮಾಡಿದವರೆಲ್ಲ ಊರ ಕಡೆಯವರೇ. ನಮ್ಮ ಅತ್ತೆಯ ಓಣಿಯಲ್ಲಿ ಇಂಥ ಮೂರು ಜನ ಇದ್ದಾರೆ, ಈಗಲೂ ಅವರು ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಬೂಸಾನ್ ಚಿತ್ರೋತ್ಸವದಲ್ಲಿ 2022ರಲ್ಲೇ ಪ್ರಶಸ್ತಿ ಗೆದ್ದ ಸಿನಿಮಾ, ಇಲ್ಲಿ ಥಿಯೇಟರ್‌ಗೆ ಬಂದದ್ದು 2024ಕ್ಕೆ. ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ.

ಬಾಲ್ಕನಿ ಟಿಕೆಟ್

ನಾನು ನೋಡಿದ್ದೇನೆ ರೀ. ಅದನ್ನು ಇಷ್ಟಪಟ್ಟವರು ಹೆಬ್ಬುಲಿ ಕಟ್ ಕೂಡ ನೋಡಬೇಕು. ಚಪ್ಪಲಿ ಹೊಲಿಯುವವರ ಮನೆಯ ಹುಡುಗ, ಸುದೀಪ್ ಥರ ಕಟಿಂಗ್ ಮಾಡಿಸಿಕೊಳ್ಳಬೇಕು ಅಂತ ಆಸೆ. ಜಾತಿ ಅಡ್ಡ ಬರುತ್ತದೆ. ಅಷ್ಟೇ ಕಥೆ. ಒಂದು ಕಟಿಂಗ್ ಶಾಪ್ ಇಟ್ಟುಕೊಂಡು ಎಷ್ಟು ಹೇಳಿದ್ದಾರೆ ಅಂತೀರಿ. ಭಾಷೆ ಕೂಡ ಗಿರ್ಮಿಟ್ ಅವರು ಕೇಳುವ ಥರದ್ದೇ.

ಗಿರ್ಮಿಟ್

ಕರೆಕ್ಟ್. ಅದು 2025ರ ಜುಲೈ 4ಕ್ಕೆ ಬಂತು. ಅದೇ ತಿಂಗಳು 25ಕ್ಕೆ ಸು ಫ್ರಮ್ ಸೋ. ಒಂದಕ್ಕೆ ಹೌಸ್‌ಫುಲ್ ಬೋರ್ಡು, ಇನ್ನೊಂದರ ಹೆಸರು ಜನ ಕೇಳಿಲ್ಲ.

ಕುಡ್ಲದ ಪೊಣ್ಣು

ಅದಕ್ಕೆ ನಮ್ಮ ಮೇಲೆ ಯಾಕೆ ಸಿಟ್ಟು ಮಾರಾಯ್ರೆ? ಸು ಫ್ರಮ್ ಸೋಗೂ ಮೊದಲ ದಿನ ಜಾತ್ರೆ ಏನೂ ಇರಲಿಲ್ಲ. ನೋಡಿದವರು ಬಾಯಿಂದ ಬಾಯಿಗೆ ಹೇಳಿ ಶೋ ಜಾಸ್ತಿ ಆದದ್ದು. ಆಮೇಲೆ ಮಲಯಾಳಂನಲ್ಲಿ ದುಲ್ಕರ್ ಸಲ್ಮಾನ್ ಅವರ ಸಂಸ್ಥೆಯೇ ಹಂಚಿತು.

ಗಿರ್ಮಿಟ್

ನಿಮ್ಮ ಮೇಲೆ ಸಿಟ್ಟಿಲ್ಲ ಅಕ್ಕಾರ. ನಗಿಸಿದರೆ ಮಾತ್ರ ಬಾಯಿಂದ ಬಾಯಿಗೆ ಹೋಗುತ್ತದೆ, ಅದು ನನ್ನ ಸಿಟ್ಟು.

ಲೇಡೀಸ್ ಕ್ಯೂ

ನಗಿಸುವುದರ ಬಗ್ಗೆ ನನ್ನದೂ ಒಂದಿದೆ. ಬೈಸಿಕೊಳ್ಳುತ್ತೇನೆ ಅಂತ ಗೊತ್ತು, ಆದರೂ ಹೇಳುತ್ತೇನೆ.

ಸು ಫ್ರಮ್ ಸೋ ನೋಡಿ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆದರೆ ಅಶೋಕ ಶುರುವಿನಲ್ಲಿ ಮಾಡುವ ಹಲ್ಕಾ ಕೆಲಸವನ್ನು ಯಾರೂ ಗಟ್ಟಿಯಾಗಿ ಕೇಳುವುದೇ ಇಲ್ಲ. ದೆವ್ವ, ಗದ್ದಲ, ನಗು, ಅಷ್ಟರಲ್ಲಿ ಅದು ಮರೆತೇ ಹೋಗುತ್ತದೆ. ಕೊನೆಗೆ ಭಾನು ಅನ್ನುವ ಹೆಣ್ಣಿನ ಪರ ಇಡೀ ಊರು ನಿಲ್ಲುವುದು ಚೆನ್ನಾಗಿದೆ, ಕಣ್ಣೀರು ಬಂತು. ಆದರೆ ಮೊದಲಿನ ಲೆಕ್ಕ ಚುಕ್ತಾ ಆಗಲಿಲ್ಲ.

ಹಳೇ ಕಾಂತಾರದಲ್ಲೂ ಇದೇ. ಶಿವ ಲೀಲಾಳ ಸೊಂಟ ಚಿವುಟುತ್ತಾನೆ, ಜನ ಶಿಳ್ಳೆ ಹೊಡೆಯುತ್ತಾರೆ. ಅವಳು ಅರಣ್ಯ ಇಲಾಖೆಯ ಯೂನಿಫಾರ್ಮ್ ಹಾಕುವ ಹೆಂಗಸು ಸ್ವಾಮಿ! ನನ್ನ ಹಿಂದಿನ ಸಾಲಿನ ಹುಡುಗರು ಆ ಸೀನಿಗೆ ಕೂಗಿದ ಕೂಗು ದೈವದ ಸೀನಿಗೂ ಕೂಗಲಿಲ್ಲ.

ಊರು, ಜನ, ಮಾತು ಸರಿಯಾಗಿರಬೇಕು ಅಂತ ಸೀನ ಅವರು ಹೇಳಿದ್ದು ಸರಿ. ಆ ಜನದಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಿ ಅಂತ ಅಷ್ಟೇ.

ಪಂಜುರ್ಲಿ ಪಕ್ಷ

ಆ ಕಾಲದ ಹಳ್ಳಿ ಹುಡುಗ ಹಾಗೇ ಇರುತ್ತಾನೆ ಮೇಡಂ. ಇದ್ದದ್ದನ್ನು ತೋರಿಸಿದ್ದಾರೆ.

ಲೇಡೀಸ್ ಕ್ಯೂ

ತೋರಿಸಲಿ. ಅದನ್ನು ಹೀರೋನ ತುಂಟಾಟ ಅನ್ನುವ ಮ್ಯೂಸಿಕ್ ಹಾಕಿ ಯಾಕೆ ತೋರಿಸಬೇಕು?

ಮಲ್ನಾಡ್ ಮಳೆ

ಮೇಡಂ ಹೇಳಿದ್ದರಲ್ಲಿ ವಿಷಯ ಇದೆ. ಚಾಪ್ಟರ್ 1ರಲ್ಲಿ ರುಕ್ಮಿಣಿಯ ಕನಕವತಿ ಪಾತ್ರಕ್ಕೆ ಸ್ವಂತ ಬುದ್ಧಿ, ಸ್ವಂತ ಲೆಕ್ಕ ಇದೆ. ಆ ಒಂದು ವಿಷಯದಲ್ಲಿ ಹೊಸದೇ ವಾಸಿ.

ಪಂಜುರ್ಲಿ ಪಕ್ಷ

ನೋಡಿದಿರಾ! ಬಂತು ನನ್ನ ಕಡೆಗೆ ಒಂದು ವೋಟು.

ತೆಂಗಿನತೋಟ ತುಮಕೂರು

ನೀವೆಲ್ಲ ಕಥೆ, ಪಾತ್ರ ಅಂತ ಜಗಳ ಆಡುತ್ತಿದ್ದೀರಿ. ನಂದು ಬರೀ ದುಡ್ಡಿನ ಪ್ರಶ್ನೆ. ಬೆಂಗಳೂರಿಗೆ ತಂಗಿ ಮನೆಗೆ ಹೋದಾಗ ಮಾಲ್‌ನಲ್ಲಿ ನಾಲ್ಕು ಜನ ಚಾಪ್ಟರ್ 1 ನೋಡಿದ್ವಿ. ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿ ಒಂದು ಮೂಟೆ ಹಿಂಡಿಯ ದುಡ್ಡು ಹೋಯ್ತು. ಅದೂ ಹಿಂದಿನ ಸೀಟಿನವನು ಫೋನಿನಲ್ಲಿ ಕ್ಲೈಮ್ಯಾಕ್ಸ್ ರೆಕಾರ್ಡ್ ಮಾಡುತ್ತಾ ಕೂತಿದ್ದ. 200 ರೂಪಾಯಿ ಮೇಲೆ ತೆಗೆದುಕೊಳ್ಳಬಾರದು ಅಂತ ಸರ್ಕಾರ ಆರ್ಡರ್ ಮಾಡಿತ್ತಲ್ಲ, ಎಲ್ಲಿ ಹೋಯ್ತು?

ಕಪ್ಪು ಕೋಟು

ಕೋರ್ಟಿಗೆ ಹೋಯ್ತು ಸರ್. 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದುಪಡಿ ಮಾಡಿ ತೆರಿಗೆ ಬಿಟ್ಟು 200 ರೂಪಾಯಿ ಅಂತ ಮಿತಿ ಹಾಕಿದರು. ಮಲ್ಟಿಪ್ಲೆಕ್ಸ್‌ನವರು, ಕೆಲವು ನಿರ್ಮಾಪಕರು ಹೈಕೋರ್ಟಿಗೆ ಹೋದರು. ಅದೇ ತಿಂಗಳು ತಡೆ ಸಿಕ್ಕಿತು. ಅಕ್ಟೋಬರ್ 2ಕ್ಕೆ ಚಾಪ್ಟರ್ 1 ಬಂದಾಗ ಮಿತಿ ಇರಲಿಲ್ಲ. ಇನ್ನೊಂದು ವಿಷಯ, 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಸ್ಕ್ರೀನ್‌ಗಳಿಗೆ ಆ ಮಿತಿ ಮೊದಲೇ ಅನ್ವಯ ಆಗುತ್ತಿರಲಿಲ್ಲ. 2017ರಲ್ಲೂ ಇದೇ 200ರ ಕಥೆ ನಡೆದಿತ್ತು.

ತೆಂಗಿನತೋಟ ತುಮಕೂರು

ಹಾಗಾದರೆ ನಾನು ಟಿವಿಗೆ ಬರುವವರೆಗೆ ಕಾಯುತ್ತೇನೆ. ಚಾಪ್ಟರ್ 1 ಅಕ್ಟೋಬರ್ 31ಕ್ಕೇ ಪ್ರೈಮ್‌ಗೆ ಬಂತಲ್ಲ. ಒಂದು ತಿಂಗಳು ತಡೆದುಕೊಂಡರೆ ಮನೆಯವರೆಲ್ಲ ಕಾಲು ಚಾಚಿ ನೋಡಬಹುದು.

ಬಾಲ್ಕನಿ ಟಿಕೆಟ್

ದೊಡ್ಡ ಸಿನಿಮಾಗೆ ನೀವು ಕಾಯಬಹುದು ಅಣ್ಣ. ಸಣ್ಣ ಸಿನಿಮಾಗೆ ಕಾದರೆ ಅದು ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಕನ್ನಡದ್ದು ಅಂದರೆ ಓಟಿಟಿಯವರು ಚೌಕಾಸಿ ಮಾಡುತ್ತಾರೆ. ರಕ್ಷಿತ್ ಶೆಟ್ಟಿಯಂಥವರ ಏಕಂ ಸೀರೀಸನ್ನೇ ಯಾರೂ ತೆಗೆದುಕೊಳ್ಳಲಿಲ್ಲ. 2024ರಲ್ಲಿ ಸ್ವಂತ ವೆಬ್‌ಸೈಟ್ ಮಾಡಿ 149 ರೂಪಾಯಿಗೆ ಬಿಡುಗಡೆ ಮಾಡಿದರು. ಅವರ ಕಥೆಯೇ ಹೀಗಾದರೆ ಹೊಸಬರ ಗತಿ ಏನು? ಅದಕ್ಕೆ ನಾನು ಉಲ್ಟಾ ಮಾಡುತ್ತೇನೆ. ಸಣ್ಣದನ್ನು ಮೊದಲ ವಾರವೇ ಥಿಯೇಟರ್‌ನಲ್ಲಿ, ದೊಡ್ಡದನ್ನು ನಿಧಾನಕ್ಕೆ.

ಪಂಜುರ್ಲಿ ಪಕ್ಷ

ದೊಡ್ಡ ಪರದೆಗೆ ಅಂತಲೇ ಮಾಡಿದ್ದನ್ನು ಟಿವಿಯಲ್ಲಿ, ಟಿವಿಯಲ್ಲೂ ನಡೆಯುವಂಥದ್ದನ್ನು ಥಿಯೇಟರ್‌ನಲ್ಲಿ. ಭಲೇ!

ಬಾಲ್ಕನಿ ಟಿಕೆಟ್

ನಗುವುದಕ್ಕೆ ನಾಲ್ಕು ಜನ ಬೇಕು ಗುರು. ಸು ಫ್ರಮ್ ಸೋವನ್ನು ಹಾಟ್‌ಸ್ಟಾರ್‌ನಲ್ಲಿ ಒಬ್ಬನೇ ನೋಡಿದ ನನ್ನ ಕಲೀಗ್ "ಪರವಾಗಿಲ್ಲ" ಅಂದ. ಹೌಸ್‌ಫುಲ್ ಹಾಲ್‌ನಲ್ಲಿ ನೋಡಿದವರು ಯಾರಾದರೂ ಪರವಾಗಿಲ್ಲ ಅಂದಿದ್ದು ಕೇಳಿದ್ದೀರಾ?

ಹಳೇ ಗಾಂಧಿನಗರ

ಥಿಯೇಟರ್ ಅಂದಿರಿ, ಮನಸ್ಸು ಕೆಂಪೇಗೌಡ ರಸ್ತೆಗೆ ಹೋಯ್ತು. ಸಾಗರ್ ಇಲ್ಲ, ಕೆಂಪೇಗೌಡ ಇಲ್ಲ. 1968ರಲ್ಲಿ ಶುರುವಾದ ಕಪಾಲಿ ಇದ್ದ ಜಾಗದಲ್ಲಿ ಮಾಲ್. ಹಬ್ಬದ ದಿನ ಹೊಸ ಸಿನಿಮಾ ಬಂದರೆ ಕಟೌಟಿಗೆ ಹಾರ ಹಾಕಲು ಏಣಿ ಹತ್ತಿದವನು ಕೆಳಗೆ ಇಳಿಯುವಷ್ಟರಲ್ಲಿ ಬ್ಲಾಕ್ ಟಿಕೆಟ್ ರೇಟು ಡಬಲ್ ಆಗಿರುತ್ತಿತ್ತು. ಗಾಂಧಿ ಕ್ಲಾಸ್‌ನಲ್ಲಿ ಕೂತವನ ಕಾಮೆಂಟ್ ಕೇಳಲಿಕ್ಕೇ ನಾವು ಹೋಗುತ್ತಿದ್ದೆವು. ಈಗ ಮಾಲ್‌ನಲ್ಲಿ ಶಿಳ್ಳೆ ಹೊಡೆದರೆ ಪಕ್ಕದವರು ತಿರುಗಿ ನೋಡುತ್ತಾರೆ.

ಇಂಟರ್ವಲ್ ಬೋಂಡ

ಅಂಕಲ್, ಶುರು ಮಾಡಿದಿರಾ 😄 ಬೀಡಿ ಹೊಗೆ, ತಿಗಣೆ ಸೀಟು, ಅದನ್ನೂ ಹೇಳಿ.

ಹಳೇ ಗಾಂಧಿನಗರ

ತಿಗಣೆ ಇತ್ತಪ್ಪ, ಇಲ್ಲ ಅನ್ನಲ್ಲ. ಬೋಂಡ ಮಾತ್ರ ಹತ್ತು ರೂಪಾಯಿಗೆ ಎರಡು ಕೊಡುತ್ತಿದ್ದರು. ನಿನ್ನ ಹೆಸರು ಇಟ್ಟುಕೊಳ್ಳಲು ಅದೇ ಕಾರಣ ಇರಬೇಕು.

ಮ್ಯೂನಿಕ್ ಮೇಷ್ಟ್ರು

ಬೆಲೆ ಜಾಸ್ತಿ ಅನ್ನುವವರು ನಮ್ಮ ಕಡೆ ಬನ್ನಿ. ಚಾಪ್ಟರ್ 1 ಇಲ್ಲಿ ಆರಾಮಾಗಿ ಸಿಕ್ಕಿತು. ಸಣ್ಣ ಸಿನಿಮಾ ಬೇಕಾದರೆ ಕನ್ನಡ ಸಂಘದವರು ಗುಂಪು ಕಟ್ಟಿ, ಇಷ್ಟು ಜನ ಖಂಡಿತ ಬರುತ್ತಾರೆ ಅಂತ ಲೆಕ್ಕ ಕೊಟ್ಟು, ಭಾನುವಾರ ಒಂದು ಶೋ ಹಾಕಿಸಬೇಕು. ಎರಡು ಗಂಟೆ ರೈಲಿನಲ್ಲಿ ಬಂದು ನೋಡುವವರಿದ್ದಾರೆ. ಬಂದವರು ಚಿತ್ರಾನ್ನ ಡಬ್ಬಿ ತಂದಿರುತ್ತಾರೆ.

ನನ್ನ ಕಡೆಯಿಂದ ಡೇರ್‌ಡೆವಿಲ್ ಮುಸ್ತಾಫಾ ಸೇರಿಸಿ. ತೇಜಸ್ವಿ ಕಥೆ, ಅಬಚೂರಿನ ಕಾಲೇಜು. ದುಡ್ಡು ಹಾಕಿದವರು ತೇಜಸ್ವಿ ಓದುಗರೇ, ನೂರು ಜನ ಸೇರಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ತೋರಿಸಿದೆ. ಕ್ರಿಕೆಟ್ ಮ್ಯಾಚ್ ಬಂದ ಮೇಲೆ ಕನ್ನಡ ಬರದ ಮಕ್ಕಳೂ ಕೂಗಿದರು. ಹಳೇ ಪಠ್ಯಪುಸ್ತಕದ ಥರ ಕಾಣುವ ಆ ಬಣ್ಣ ನನಗೆ ಬಹಳ ಹಿಡಿಸಿತು.

ಮಲ್ನಾಡ್ ಮಳೆ

ತೇಜಸ್ವಿ ಹೆಸರು ಬಂದರೆ ನಮ್ಮ ವೋಟು ಅಲ್ಲಿಗೇ. ಆದರೂ ಆ ಸಿನಿಮಾ ಸ್ವಲ್ಪ ಜಾಸ್ತಿ ಸಿಹಿ ಆಯ್ತು. ಕಥೆ ಓದಿದಾಗ ಇರುವ ಚುಚ್ಚು ಸಿನಿಮಾದಲ್ಲಿ ಕಡಿಮೆ.

ಮ್ಯೂನಿಕ್ ಮೇಷ್ಟ್ರು

ಒಪ್ಪಲ್ಲ. ಮಕ್ಕಳ ಜೊತೆ ಕೂತು ನೋಡಿ, ಆಮೇಲೆ ಹೇಳಿ.

ರಾತ್ರಿ ಪಾಳಿ

ಯಾರೂ ಸೈಡ್ ಬಿ ವಿಷಯಕ್ಕೆ ಬರಲಿಲ್ಲ. ನಾನು ಬರುತ್ತೇನೆ.

ಸೀನ ಅವರೇ, ಮನು ಮಾಡುವುದು ಸರಿ ಅಂತ ನಿರ್ದೇಶಕ ಹೇಮಂತ್ ರಾವ್ ಎಲ್ಲಿ ಹೇಳಿದ್ದಾರೆ? ಸೈಡ್ ಎ ಪೂರ್ತಿ ನೀಲಿ, ಸೈಡ್ ಬಿ ಪೂರ್ತಿ ಕೆಂಪು. ಜೈಲಿನಲ್ಲಿ ಅವನ ಹತ್ತಿರ ಇದ್ದದ್ದು ಟೇಪಿನಲ್ಲಿದ್ದ ಪ್ರಿಯಾಳ ದನಿ. ಹೊರಗೆ ಬಂದ ಮೇಲೆ ಅವನು ಹುಡುಕುವುದು ಆ ಟೇಪಿನ ಹುಡುಗಿಯನ್ನು. ಅಷ್ಟರಲ್ಲಿ ಅವಳಿಗೆ ಗಂಡ, ಮಗು, ಸಾಲ. ಇವನಿಗೆ ಅದು ಗೊತ್ತಾಗುವುದಿಲ್ಲ, ಗೊತ್ತಾದರೂ ಒಪ್ಪುವುದಿಲ್ಲ. ಸಿಟ್ಟು ಬರಬೇಕು ಅಂತಲೇ ಹಾಗೆ ಮಾಡಿದ್ದಾರೆ. ಚೈತ್ರಾ ಆಚಾರ್ ಪಾತ್ರ ಸುರಭಿ ಇದ್ದಾಳಲ್ಲ, ಅವಳ ಮುಖ ನೋಡಿ. ಅವನು ಯಾರನ್ನು ನೋಡುತ್ತಿದ್ದಾನೆ ಅಂತ ಅವಳಿಗೆ ಗೊತ್ತು.

ನಾನು ನೈಟ್ ಶಿಫ್ಟ್ ಮುಗಿಸಿ ಬೆಳಗಿನ ಶೋಗೆ ಹೋಗಿದ್ದೆ. ಹೊರಗೆ ಬಂದರೆ ಬಿಸಿಲು. ಒಂದು ಕಾಫಿ ಕುಡಿಯಲೂ ಮನಸ್ಸಾಗಲಿಲ್ಲ.

ಲೇಡೀಸ್ ಕ್ಯೂ

ಇದು ಸರಿಯಾದ ಮಾತು. ಸುರಭಿಗೇ ಒಂದು ಸೈಡ್ ಸಿ ಮಾಡಬೇಕಿತ್ತು.

ಸೆಕೆಂಡ್ ಶೋ ಸೀನ

ನೀಲಿ, ಕೆಂಪು ಎಲ್ಲ ಸರಿ ಅಣ್ಣ. ಆದರೆ ಸಾಹುಕಾರನ ಮಗನ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡು ಜೈಲಿಗೆ ಹೋದದ್ದು ಮನೆ ಮಾಡುವ ಆಸೆಗೆ. ಆ ಒಂದು ಆಸೆಯನ್ನು ಸೈಡ್ ಎ ಎಷ್ಟು ಚೆನ್ನಾಗಿ ಕಟ್ಟಿತ್ತು. ಅಂಥವನು ಸೈಡ್ ಬಿಯಲ್ಲಿ ಹೊಡೆದಾಟಕ್ಕೆ ಇಳಿದಾಗ ಅವನು ನನಗೆ ಗೊತ್ತಿರುವ ಮನು ಅನ್ನಿಸಲಿಲ್ಲ. ನನ್ನ ಅಭಿಪ್ರಾಯ ಬದಲಾಗಲ್ಲ.

ರಾತ್ರಿ ಪಾಳಿ

ಜೈಲು ಮನುಷ್ಯನನ್ನು ಹಾಗೇ ಬಿಡುತ್ತದಾ?

ಅಮ್ಮನ ಜೊತೆ ಮ್ಯಾಟ್ನಿ

ಜಗಳದ ಮಧ್ಯೆ ಬಂದೆ, ಕ್ಷಮಿಸಿ. ಈ ಶನಿವಾರ ಅಮ್ಮ, ಅಕ್ಕನ ಮಗ (ಆರನೇ ಕ್ಲಾಸ್) ಮನೆಗೆ ಬರುತ್ತಾರೆ. ರಕ್ತ ಬೇಡ, ಡಬಲ್ ಮೀನಿಂಗ್ ಬೇಡ, ಅಮ್ಮ ಅರ್ಧಕ್ಕೆ ಎದ್ದು ಅಡುಗೆಮನೆಗೆ ಹೋಗಬಾರದು. ಯಾವುದು ಹಾಕಲಿ?

ಇಂಟರ್ವಲ್ ಬೋಂಡ

777 ಚಾರ್ಲಿ. ಕರ್ಚೀಫ್ ಇಟ್ಟುಕೊಳ್ಳಿ.

ಮ್ಯೂನಿಕ್ ಮೇಷ್ಟ್ರು

ಮುಸ್ತಾಫಾ ಅಂತ ಈಗಷ್ಟೇ ಹೇಳಿದೆನಲ್ಲ!

ಕುಡ್ಲದ ಪೊಣ್ಣು

ಮಿಥ್ಯ ನೋಡಿ. ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗ ಮುಂಬೈಯಿಂದ ಉಡುಪಿಗೆ ಬರುತ್ತಾನೆ. ಸುಮಂತ್ ಭಟ್ ಅವರ ಸಿನಿಮಾ. ಸು ಫ್ರಮ್ ಸೋದಲ್ಲಿ, ಕಾಂತಾರದಲ್ಲಿ ನಗಿಸುವ ಪ್ರಕಾಶ್ ತುಮಿನಾಡು ಇಲ್ಲಿ ಹುಡುಗನಿಗೆ ಆಸರೆ ಆಗುವ ಮನುಷ್ಯ. ಹುಡುಗನ ಹತ್ತಿರ ಏನು ಮಾತಾಡಬೇಕು ಅಂತ ತಿಳಿಯದೆ ಒದ್ದಾಡುತ್ತಾರೆ ನೋಡಿ, ನಗುವಿನ ನಟ ಅಂತ ಮರೆತೇ ಹೋಗುತ್ತದೆ. ಆದರೆ ನಿಧಾನ ಇದೆ, ಮೊದಲೇ ಹೇಳಿದ್ದೇನೆ.

ಗಿರ್ಮಿಟ್

ಆರನೇ ಕ್ಲಾಸಿನ ಹುಡುಗ ಅಂದರೆ ಹೆಬ್ಬುಲಿ ಕಟ್ ಹಾಕಿ ರೀ. ಅವನ ವಯಸ್ಸಿನವನದೇ ಕಥೆ.

ಅಮ್ಮನ ಜೊತೆ ಮ್ಯಾಟ್ನಿ

ಅಮ್ಮನಿಗೆ ಪಟ್ಟಿ ಓದಿ ಹೇಳಿದೆ. "ಶೆಟ್ರ ಹುಡುಗಂದು ದೆವ್ವದ್ದು ಹಾಕು, ಗುರೂಜಿ ಬರ್ತಾನಲ್ಲ, ಅದು" ಅಂದರು. ಎರಡು ಸಲ ನೋಡಿದ್ದಾರಂತೆ, ನನಗೆ ಹೇಳಿರಲೇ ಇಲ್ಲ.

ಪಂಜುರ್ಲಿ ಪಕ್ಷ

ಅಮ್ಮನ ಹತ್ತಿರ ಚಾಪ್ಟರ್ 1 ನೋಡಿದ್ದಾರಾ ಅಂತ ಕೇಳಿ ಮೊದಲು.